‘ಮೂರು ರಾತ್ರಿಯ ಕ್ರೂಸ್, ಬರೀ 19,999!’ ಈ ಫಾರ್ವರ್ಡ್ ನೋಡಿ ಹಣ ಕಟ್ಟುವ ಮುನ್ನ

ಫ್ಯಾಮಿಲಿ ಗ್ರೂಪಿನಲ್ಲಿ ಗುಡ್ ಮಾರ್ನಿಂಗ್ ಚಿತ್ರಗಳ ನಡುವೆ ಇದು ನಿಮಗೂ ಬಂದಿರಬಹುದು. ಅರಮನೆಯಂಥ ಬಿಳಿ ಹಡಗು, ಮೇಲ್ಗಡೆ ಈಜುಕೊಳ, ನೀರಿನ ಜಾರುಬಂಡೆ. ಕೆಳಗೆ ದಪ್ಪ ಅಕ್ಷರದಲ್ಲಿ: ‘ಮುಂಬೈ–ಗೋವಾ–ಲಕ್ಷದ್ವೀಪ ಕ್ರೂಸ್. ಊಟ, ವಸತಿ, ಮನರಂಜನೆ ಎಲ್ಲ ಸೇರಿ ಬರೀ 19,999 ರೂಪಾಯಿ. ಕೆಲವೇ ಸೀಟು ಬಾಕಿ. ನಿಮ್ಮವರಿಗೆಲ್ಲ ಕಳಿಸಿ.’

ಇದು ನಿಜವೋ ಸುಳ್ಳೋ ಎಂದು ಕೇಳಿದರೆ ಒಂದೇ ಮಾತಿನಲ್ಲಿ ಉತ್ತರ ಹೇಳಲಾಗದು. ಭಾರತದಿಂದ ಕ್ರೂಸ್ ಹಡಗು ಹೊರಡುವುದು ನಿಜ. ಅಷ್ಟು ಕಡಿಮೆ ದರ ಆಗಾಗ ಸಿಗುವುದೂ ನಿಜ. ಆದರೆ ಆ ದರದಲ್ಲಿ ನಿಮ್ಮ ಪ್ರವಾಸ ಮುಗಿಯುತ್ತದೆ ಎಂಬುದು ನಿಜವಲ್ಲ. ಇದೇ ಚಿತ್ರ, ಇದೇ ಸಾಲು ಬಳಸಿ ಹಣ ಹೊಡೆಯುವವರೂ ಇದ್ದಾರೆ. ಹಾಗಾಗಿ ಹಡಗಿನ ಲೆಕ್ಕ ಹೇಗೆ ನಡೆಯುತ್ತದೆ, ಎಲ್ಲಿ ಉಳಿಸಬಹುದು, ಎಲ್ಲಿ ಮೋಸ ಹೋಗುತ್ತೇವೆ ಎಂಬುದನ್ನು ಇಲ್ಲಿ ಬಿಡಿಸಿ ನೋಡೋಣ.

ಮೊದಲು ಆ ಚಿತ್ರ

ಇಂಥ ಫಾರ್ವರ್ಡ್‌ಗಳಲ್ಲಿ ಜಾರುಬಂಡೆ, ಗಾಜಿನ ಗುಮ್ಮಟ ಇರುವ ದೈತ್ಯ ಹಡಗು ಕಂಡರೆ ಅದು ಬಹುತೇಕ ಅಮೆರಿಕದ ಫ್ಲೋರಿಡಾದಿಂದ ಹೊರಡುವ ಯಾವುದೋ ಹಡಗಿನ ಚಿತ್ರವಾಗಿರುತ್ತದೆ. 2024ರ ಜನವರಿಯಲ್ಲಿ ಮಯಾಮಿಯಿಂದ ಯಾನ ಶುರು ಮಾಡಿದ ‘ಐಕಾನ್ ಆಫ್ ದ ಸೀಸ್’ ಸುಮಾರು 2.48 ಲಕ್ಷ ಗ್ರಾಸ್ ಟನ್ನಿನ, 20 ಡೆಕ್‌ಗಳ ಹಡಗು. ಮುಂಬೈಯಿಂದ 2021ರ ಸೆಪ್ಟೆಂಬರ್‌ನಲ್ಲಿ ಯಾನ ಆರಂಭಿಸಿದ ಕಾರ್ಡೇಲಿಯಾ ಕ್ರೂಸಸ್‌ನ ‘ಎಂಪ್ರೆಸ್’ ಸುಮಾರು 48,500 ಗ್ರಾಸ್ ಟನ್ನಿನದು, 11 ಡೆಕ್. ಅಂದರೆ ಐದರಲ್ಲಿ ಒಂದು ಭಾಗ. (ಅಂದಹಾಗೆ, ಗ್ರಾಸ್ ಟನ್ ಎಂದರೆ ತೂಕವಲ್ಲ. ಹಡಗಿನ ಒಳಗೆ ಒಟ್ಟು ಎಷ್ಟು ಜಾಗ ಇದೆ ಎಂಬುದರ ಅಳತೆ.) ಎಂಪ್ರೆಸ್ ಹೊಸ ಹಡಗೂ ಅಲ್ಲ. 1990ರಲ್ಲಿ ರಾಯಲ್ ಕೆರಿಬಿಯನ್ ಕಂಪನಿಗಾಗಿ ‘ನಾರ್ಡಿಕ್ ಎಂಪ್ರೆಸ್’ ಎಂಬ ಹೆಸರಿನಲ್ಲಿ ಕಟ್ಟಿದ್ದು.

ಚಿಕ್ಕದು, ಹಳೆಯದು ಎಂದರೆ ಕೆಟ್ಟದ್ದು ಎಂದೇನೂ ಅಲ್ಲ. ಆದರೆ ಚಿತ್ರದಲ್ಲಿ ನೋಡಿದ್ದೇ ಸಿಗುತ್ತದೆ ಎಂದುಕೊಂಡು ಮಕ್ಕಳಿಗೆ ಆಸೆ ಹುಟ್ಟಿಸಿ ಹೋದವರು ಬಂದರಿನಲ್ಲೇ ಪೆಚ್ಚಾಗುತ್ತಾರೆ. ಫಾರ್ವರ್ಡ್ ಬಂದ ಕೂಡಲೇ ಹಡಗಿನ ಹೆಸರು ಹುಡುಕಿ. ಹೆಸರೇ ಇಲ್ಲದಿದ್ದರೆ ಮುಂದೆ ಓದುವ ಶ್ರಮವೂ ಬೇಡ.

ಇಷ್ಟು ಅಗ್ಗಕ್ಕೆ ಅವರಿಗೆ ಹೇಗೆ ಪೂರೈಸುತ್ತದೆ?

ಹೋಟೆಲಿನಲ್ಲಿ ಇವತ್ತು ಕೋಣೆ ಖಾಲಿ ಉಳಿದರೆ ರಾತ್ರಿ ಹತ್ತು ಗಂಟೆಗೂ ಯಾರಾದರೂ ಬಂದಾರು. ಹಡಗಿಗೆ ಆ ಅವಕಾಶವಿಲ್ಲ. ಹಗ್ಗ ಬಿಚ್ಚಿ ದಡ ಬಿಟ್ಟ ಮೇಲೆ ಖಾಲಿ ಕೋಣೆ ಖಾಲಿಯೇ. ಇಂಧನ, ಸಿಬ್ಬಂದಿಯ ಸಂಬಳ, ಬಂದರಿನ ಬಾಡಿಗೆ ಇವೆಲ್ಲ ಸಾವಿರ ಜನ ಹತ್ತಿದರೂ ಸಾವಿರದೈನೂರು ಜನ ಹತ್ತಿದರೂ ಹೆಚ್ಚುಕಡಿಮೆ ಅಷ್ಟೇ. ಹಾಗಾಗಿ ಕೋಣೆಯನ್ನು ಖಾಲಿ ಒಯ್ಯುವುದಕ್ಕಿಂತ ಸಿಕ್ಕ ದರಕ್ಕೆ ಕೊಡುವುದು ಲೇಸು ಎಂಬುದು ಕಂಪನಿಯ ಲೆಕ್ಕ.

ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಒಮ್ಮೆ ಹತ್ತಿದ ಮೇಲೆ ನೀವು ಮೂರು ದಿನ ಅವರ ಅಂಗಡಿಯೊಳಗೇ ಇರುತ್ತೀರಿ. ಎದುರುಗಡೆ ಇನ್ನೊಂದು ಹೋಟೆಲ್ ಇಲ್ಲ, ಮೂಲೆಯಲ್ಲಿ ಗೂಡಂಗಡಿ ಇಲ್ಲ. ಕಾಫಿ, ಮದ್ಯ, ಕ್ಯಾಸಿನೊ, ಸ್ಪಾ, ಫೋಟೊ, ವೈಫೈ, ದಡದ ಸುತ್ತಾಟ, ಎಲ್ಲಕ್ಕೂ ಅವರೇ. ಜಗತ್ತಿನ ಅತಿ ದೊಡ್ಡ ಕ್ರೂಸ್ ಕಂಪನಿ ಕಾರ್ನಿವಲ್‌ನ 2023ರ ಲೆಕ್ಕ ನೋಡಿ. ಒಟ್ಟು ಆದಾಯ ಸುಮಾರು 2,160 ಕೋಟಿ ಡಾಲರ್. ಅದರಲ್ಲಿ ಟಿಕೆಟ್‌ನಿಂದ ಬಂದದ್ದು ಸುಮಾರು 1,400 ಕೋಟಿ, ಉಳಿದ 750 ಕೋಟಿ ಡಾಲರ್ ಮುಖ್ಯವಾಗಿ ಜನ ಹತ್ತಿದ ಮೇಲೆ ಮಾಡಿದ ಖರ್ಚು. ಮೂರರಲ್ಲಿ ಒಂದು ಪಾಲಿಗಿಂತಲೂ ಸ್ವಲ್ಪ ಹೆಚ್ಚೇ. ಟಿಕೆಟ್ ಅಗ್ಗವಾದಷ್ಟೂ ಅವರ ನಂಬಿಕೆ ಹಡಗಿನೊಳಗಿನ ಬಿಲ್ಲಿನ ಮೇಲೆ.

ಇದು ಮೋಸವಲ್ಲ, ವ್ಯಾಪಾರ. ಇದನ್ನು ತಿಳಿದು ಹತ್ತಿದವರಿಗೆ ಕ್ರೂಸ್ ನಿಜಕ್ಕೂ ಅಗ್ಗದ ರಜೆಯಾಗಬಲ್ಲದು. ಒಳಗೆ ಏನನ್ನೂ ಕೊಳ್ಳದೆ, ಸೇರಿಸಿ ಕೊಟ್ಟಿರುವ ಊಟ, ಸಂಗೀತ, ಈಜುಕೊಳಗಳಲ್ಲೇ ಖುಷಿ ಪಡುವ ಪ್ರಯಾಣಿಕನಿಂದ ಕಂಪನಿಗೆ ಹೆಚ್ಚೇನೂ ಗಿಟ್ಟುವುದಿಲ್ಲ. ಆ ಪ್ರಯಾಣಿಕ ನೀವಾಗಿ.

19,999 ಎಲ್ಲಿ ಹೋಗಿ ನಿಲ್ಲುತ್ತದೆ?

ಜಾಹೀರಾತಿನ ದರ ಯಾವಾಗಲೂ ‘ತಲಾ’, ಅದೂ ಒಂದು ಕೋಣೆಯಲ್ಲಿ ಇಬ್ಬರಿದ್ದರೆ. ಒಬ್ಬರೇ ಹೋದರೆ ಇಬ್ಬರ ಹಣವನ್ನೂ ಕಟ್ಟಬೇಕಾಗಿ ಬರಬಹುದು. ಅದೇ ಕೋಣೆಗೆ ಮೂರನೆಯವರು, ನಾಲ್ಕನೆಯವರು ಸೇರಿಕೊಂಡರೆ ಅವರ ದರ ಸಾಮಾನ್ಯವಾಗಿ ಕಡಿಮೆ. ಗಂಡ, ಹೆಂಡತಿ, ಇಬ್ಬರು ಚಿಕ್ಕ ಮಕ್ಕಳ ಕುಟುಂಬಕ್ಕೆ ಇದು ನಿಜವಾದ ಉಳಿತಾಯ. ಕೋಣೆ ಮಾತ್ರ ಇಕ್ಕಟ್ಟು. ರೈಲಿನ ಮೇಲಿನ ಬರ್ತ್ ಹಾಗೆ ಗೋಡೆಯಿಂದ ಮಡಚಿ ಇಳಿಸುವ ಹಾಸಿಗೆ.

ಒಂದು ಉದಾಹರಣೆ ಹಾಕೋಣ. ಇವು ಲೆಕ್ಕ ತೋರಿಸಲು ನಾವು ಹಾಕಿಕೊಂಡ ಅಂಕಿಗಳು, ಯಾವ ಕಂಪನಿಯ ದರಪಟ್ಟಿಯೂ ಅಲ್ಲ. ದಾವಣಗೆರೆಯ ದಂಪತಿ ಮುಂಬೈಯಿಂದ ಮೂರು ರಾತ್ರಿಯ ಕ್ರೂಸ್ ಹತ್ತುತ್ತಾರೆ. ಟಿಕೆಟ್ ಇಬ್ಬರಿಗೆ 40,000. ಬಂದರು ಶುಲ್ಕ, ಸೇವಾ ಶುಲ್ಕ, ಜಿಎಸ್‌ಟಿ ಸೇರಿ ತಲಾ 7,000, ಅಲ್ಲಿಗೆ 14,000. ಮುಂಬೈಗೆ ಹೋಗಿಬರುವ ಖರ್ಚು 12,000. ಹಿಂದಿನ ರಾತ್ರಿ ಹೋಟೆಲ್ 4,000. ಗೋವಾದಲ್ಲಿ ಇಳಿದಾಗ ಟ್ಯಾಕ್ಸಿ, ಊಟ 5,000. ಹಡಗಿನಲ್ಲಿ ಕಾಫಿ, ವೈಫೈ, ಎರಡು ಫೋಟೊ 6,000. ಒಟ್ಟು 81,000. ಅಂದರೆ ತಲಾ 40,500.

ಜಾಹೀರಾತು ಎಲ್ಲೂ ಸುಳ್ಳು ಹೇಳಿಲ್ಲ. ಆದರೂ ಖರ್ಚು ಎರಡು ಪಟ್ಟಾಯಿತು. ಆದ್ದರಿಂದ ನಾವು ಹೇಳುವುದು ಇಷ್ಟೇ. ಯಾವ ಕ್ರೂಸನ್ನೇ ಆಗಲಿ ಮನೆ ಬಾಗಿಲಿನಿಂದ ಮನೆ ಬಾಗಿಲಿಗೆ ಲೆಕ್ಕ ಹಾಕಿ, ತಲೆ ಮತ್ತು ರಾತ್ರಿಯಿಂದ ಭಾಗಿಸಿ. ಮೇಲಿನ ಲೆಕ್ಕದಲ್ಲಿ ಒಬ್ಬರಿಗೆ ಒಂದು ರಾತ್ರಿಗೆ 13,500. ಈ ಅಂಕಿಯನ್ನು ಕೈಯಲ್ಲಿ ಹಿಡಿದು, ಅಷ್ಟೇ ಹಣಕ್ಕೆ ಕೊಡಗಿನಲ್ಲೋ ಗೋಕರ್ಣದಲ್ಲೋ ಏನು ಸಿಗುತ್ತದೆ ಎಂದು ಹೋಲಿಸಿ ನೋಡಿ. ಕ್ರೂಸೇ ಬೇಕು ಎನಿಸಿದರೆ ಧಾರಾಳವಾಗಿ ಹೋಗಿ.

ವಿದೇಶಿ ಹಡಗುಗಳಲ್ಲಿ ಇನ್ನೂ ಎರಡು ಸೇರಿಕೊಳ್ಳುತ್ತವೆ. ಒಂದು ಟಿಪ್ಸ್. ನಮ್ಮಲ್ಲಿ ಟಿಪ್ಸ್ ಎಂದರೆ ಇಷ್ಟವಿದ್ದರೆ ಕೊಡುವುದು. ಅಲ್ಲಿ ಅದು ದಿನಕ್ಕೆ ತಲಾ ಸುಮಾರು 16ರಿಂದ 20 ಡಾಲರ್ ಎಂದು ತಾನಾಗಿ ಬಿಲ್ಲಿಗೆ ಬೀಳುತ್ತದೆ, ಮಕ್ಕಳ ಹೆಸರಿನಲ್ಲೂ. ಎರಡನೆಯದು ಟಿಸಿಎಸ್. ವಿದೇಶ ಪ್ರವಾಸದ ಪ್ಯಾಕೇಜ್ ಮಾರುವವರು ನಿಮ್ಮಿಂದ ಈ ತೆರಿಗೆಯನ್ನು ವಸೂಲು ಮಾಡಿ ಸರ್ಕಾರಕ್ಕೆ ಕಟ್ಟಬೇಕು ಎಂಬ ನಿಯಮ 2020ರ ಅಕ್ಟೋಬರ್‌ನಿಂದ ಇದೆ. ದರ ಹಲವು ಸಲ ಬದಲಾಗಿದೆ, ಕಟ್ಟುವ ದಿನದ ದರ ಕೇಳಿಕೊಳ್ಳಿ. ‘ಟಿಸಿಎಸ್ ಕಟ್ಟಿದರೆ ಹಣ ಹೋದಂತೆಯೇ’ ಎಂಬ ಮಾತು ಮಾತ್ರ ತಪ್ಪು. ಅದು ನಿಮ್ಮ ಪಾನ್ ಸಂಖ್ಯೆಗೆ ಜಮೆಯಾಗಿರುತ್ತದೆ. ರಿಟರ್ನ್ಸ್ ಸಲ್ಲಿಸುವಾಗ ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳಬಹುದು, ತೆರಿಗೆ ಇಲ್ಲದಿದ್ದರೆ ವಾಪಸ್ ಪಡೆಯಬಹುದು. ರಿಟರ್ನ್ಸ್ ಸಲ್ಲಿಸದವರಿಗೆ ಮಾತ್ರ ಅದು ಹೋದ ಹಣವೇ.

‘ಕೊನೆ ಗಳಿಗೆಯಲ್ಲಿ ಬುಕ್ ಮಾಡಿ, ಅರ್ಧ ಬೆಲೆ!’

ಇಂಗ್ಲಿಷ್‌ನಿಂದ ಕನ್ನಡಕ್ಕೆ ಇಳಿದ ಸಲಹೆ ಇದು. ಹುಟ್ಟಿದ ಊರಿನಲ್ಲಿ ಇದಕ್ಕೆ ಅರ್ಥವಿತ್ತು. ಫ್ಲೋರಿಡಾದಲ್ಲಿ ಬಂದರಿನ ಹತ್ತಿರವೇ ಮನೆ ಮಾಡಿಕೊಂಡ ನಿವೃತ್ತರು ನಾಳೆ ಹೊರಡುವ ಹಡಗಿನಲ್ಲಿ ಕೋಣೆ ಖಾಲಿ ಇದೆ ಎಂದರೆ ಕಾರು ಹತ್ತಿ ಹೊರಟುಬಿಡಬಹುದು. ಹುಬ್ಬಳ್ಳಿಯವರಿಗೆ, ಮೈಸೂರಿನವರಿಗೆ ಬಂದರು ಮುಂಬೈಯಲ್ಲೋ ಚೆನ್ನೈಯಲ್ಲೋ ಸಿಂಗಪುರದಲ್ಲೋ ಇರುತ್ತದೆ. ಕೊನೆ ಗಳಿಗೆಯಲ್ಲಿ ಹಡಗಿನಲ್ಲಿ ಐದು ಸಾವಿರ ಉಳಿದರೆ ವಿಮಾನದಲ್ಲಿ ಎಂಟು ಸಾವಿರ ಹೆಚ್ಚು ಹೋಗುತ್ತದೆ. ರೈಲಿನಲ್ಲಾದರೆ ವೇಟಿಂಗ್ ಲಿಸ್ಟ್.

ದರ ಇಳಿಯುವುದು ದಿನಾಂಕದಿಂದ. ದಸರಾ ರಜೆ, ದೀಪಾವಳಿ, ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗೆ, ಜೊತೆಗೆ ಶುಕ್ರವಾರ ಹೊರಟು ಸೋಮವಾರ ಬರುವ ಯಾನಗಳು ಯಾವಾಗಲೂ ದುಬಾರಿ. ಜನವರಿ ಮಧ್ಯದಿಂದ ಫೆಬ್ರವರಿವರೆಗೆ ವಾರದ ನಡುವೆ ಹೊರಡುವ ಯಾನಗಳನ್ನು ನೋಡಿ. ದರವೂ ತಗ್ಗಿರುತ್ತದೆ, ಅರಬ್ಬಿ ಸಮುದ್ರವೂ ಶಾಂತವಾಗಿರುತ್ತದೆ. ಮುಂಗಾರಿನ ಹೊತ್ತು ‘ಆಫ್ ಸೀಸನ್ ಆಫರ್’ ಎಂದು ಯಾರಾದರೂ ಪಶ್ಚಿಮ ಕರಾವಳಿಯ ಯಾನ ಮಾರಲು ಬಂದರೆ, ನಮ್ಮ ಕರಾವಳಿಯಲ್ಲಿ ಜೂನ್, ಜುಲೈನಲ್ಲಿ ಯಾಂತ್ರಿಕ ದೋಣಿಗಳು ದಡದಲ್ಲೇ ಇರುತ್ತವೆ ಎಂಬುದನ್ನು ನೆನೆಯಿರಿ. ಮೀನಿನ ಸಂತಾನಕ್ಕಾಗಿ ಇರುವ ನಿಷೇಧ ಅದು, ನಿಜ. ಆದರೆ ಆ ತಿಂಗಳುಗಳ ಕಡಲು ಹೇಗಿರುತ್ತದೆ ಎಂದು ಮಲ್ಪೆಯ ಯಾರನ್ನಾದರೂ ಕೇಳಿ ನೋಡಿ.

ಟಿಕೆಟನ್ನು ಎರಡು ಮೂರು ತಿಂಗಳು ಮೊದಲೇ ಮಾಡಿ, ರೈಲನ್ನು ಮುಂಗಡ ಬುಕಿಂಗ್ ತೆರೆದ ಕೂಡಲೇ ಕಾಯ್ದಿರಿಸಿ. ಬೆಂಗಳೂರಿನಿಂದ ಉದ್ಯಾನ್ ಎಕ್ಸ್‌ಪ್ರೆಸ್ ನೇರವಾಗಿ ಮುಂಬೈ ಸಿಎಸ್‌ಎಂಟಿಗೆ ಹೋಗುತ್ತದೆ. ಕ್ರೂಸ್ ಹಡಗುಗಳ ಬಲ್ಲಾರ್ಡ್ ಪಿಯರ್ ಅಲ್ಲಿಂದ ಎರಡು ಕಿಲೋಮೀಟರ್ ಒಳಗೇ ಇದೆ. ಕರಾವಳಿಯವರಿಗೆ ಮತ್ಸ್ಯಗಂಧ ಇದ್ದೇ ಇದೆ. ಹಡಗು ಹೊರಡುವ ದಿನವೇ ಮುಂಬೈ ತಲುಪುವ ಸಾಹಸ ಮಾತ್ರ ಬೇಡ. ಹಡಗಿನ ಬಾಗಿಲು ಹೊರಡುವ ವೇಳೆಗಿಂತ ಬಹಳ ಮೊದಲೇ ಮುಚ್ಚುತ್ತದೆ. ರೈಲು ತಡವಾಯಿತು ಎಂದರೆ ಹಣ ವಾಪಸ್ ಬರುವುದಿಲ್ಲ.

ಅಗ್ಗದ ಕೋಣೆಯೇ ಒಳ್ಳೆಯದು, ವಾಂತಿಯ ಭಯ ಇದ್ದರೆ

ಹಡಗಿನಲ್ಲಿ ಕೋಣೆಯ ಬೆಲೆ ಮೇಲೆ ಹೋದಂತೆ ಏರುತ್ತದೆ. ಅತಿ ಅಗ್ಗದ್ದು ಕಿಟಕಿಯೇ ಇಲ್ಲದ ಒಳಗಿನ ಕೋಣೆ, ಆಮೇಲೆ ಕಿಟಕಿ ಇರುವುದು, ಆಮೇಲೆ ಬಾಲ್ಕನಿ, ತುದಿಯಲ್ಲಿ ಸೂಟ್. ತಮಾಷೆ ಎಂದರೆ ಮೇಲೆ ಹೋದಂತೆ ತೂಗಾಟವೂ ಏರುತ್ತದೆ. ಮಕ್ಕಳು ಆಡುವ ಏರಿಳಿ ಹಲಗೆ ನೆನಪಿಸಿಕೊಳ್ಳಿ. ತುದಿಯಲ್ಲಿ ಕೂತವರು ಮೇಲೆ ಕೆಳಗೆ ಹಾರುತ್ತಾರೆ, ನಡುವೆ ಕೂತವರು ಅಲುಗಾಡುವುದೇ ಇಲ್ಲ. ಅಲೆಯ ಮೇಲಿನ ಹಡಗು ಹಾಗೆಯೇ. ಮೂತಿ, ಬಾಲ, ಮೇಲಿನ ಡೆಕ್ ಹೆಚ್ಚು ತೂಗುತ್ತವೆ. ಕೆಳಗಿನ ಡೆಕ್ಕಿನ ನಡುಭಾಗ ಎಲ್ಲಕ್ಕಿಂತ ಸ್ಥಿರ.

ವಾಕರಿಕೆ ಬರುವುದು ಕಣ್ಣು ಮತ್ತು ಕಿವಿ ಬೇರೆ ಬೇರೆ ಸುದ್ದಿ ಹೇಳುವುದರಿಂದ. ಒಳಗಿವಿಯಲ್ಲಿ ಸಮತೋಲನ ನೋಡಿಕೊಳ್ಳುವ ಅಂಗವಿದೆ. ಅದು ‘ಅಲುಗಾಡುತ್ತಿದ್ದೇವೆ’ ಎನ್ನುತ್ತದೆ. ಕೋಣೆಯೊಳಗಿನ ಗೋಡೆ ನೋಡುತ್ತಿರುವ ಕಣ್ಣು ‘ಇಲ್ಲ, ನಿಂತಿದ್ದೇವೆ’ ಎನ್ನುತ್ತದೆ. ಮಿದುಳಿಗೆ ಗೊಂದಲ. ಅದಕ್ಕೇ ತಲೆ ಸುತ್ತು ಶುರುವಾದ ಕೂಡಲೇ ಡೆಕ್ಕಿಗೆ ಬಂದು ದೂರದ ದಿಗಂತ ನೋಡಿದರೆ ಅನೇಕರಿಗೆ ಹಗುರವಾಗುತ್ತದೆ, ಮೊಬೈಲ್ ನೋಡಿದರೆ ಹೆಚ್ಚಾಗುತ್ತದೆ. ಮಾತ್ರೆ ತೆಗೆದುಕೊಳ್ಳುವುದಾದರೆ ಹತ್ತುವ ಮೊದಲೇ ತೆಗೆದುಕೊಳ್ಳಬೇಕು, ವಾಂತಿ ಶುರುವಾದ ಮೇಲೆ ಅಷ್ಟು ಪ್ರಯೋಜನವಿಲ್ಲ. ಈ ಮಾತ್ರೆಗಳಲ್ಲಿ ಹೆಚ್ಚಿನವು ನಿದ್ದೆ ಬರಿಸುತ್ತವೆ. ವಯಸ್ಸಾದವರು, ಗ್ಲಾಕೋಮ ಅಥವಾ ಪ್ರಾಸ್ಟೇಟ್ ತೊಂದರೆ ಇರುವವರು ವೈದ್ಯರನ್ನು ಕೇಳದೆ ನುಂಗಬಾರದು.

ಇನ್ನೊಂದು ಅಗ್ಗದ ಉಪಾಯ: ಹಡಗಿಗೆ ದೊಡ್ಡ ಮೊತ್ತ ಸುರಿಯುವ ಮೊದಲು ಕಡಲಿನ ರುಚಿ ನೋಡಿ. ಕೊಚ್ಚಿಯಲ್ಲಿ ಕೇರಳ ಸರ್ಕಾರದ ಕೆಎಸ್‌ಐಎನ್‌ಸಿ ಸಂಸ್ಥೆಯ ‘ನೆಫರ್ಟಿಟಿ’ ಎಂಬ ಪುಟ್ಟ ವಿಲಾಸಿ ಹಡಗು ಕೆಲವು ಗಂಟೆಗಳ ಮಟ್ಟಿಗೆ ಕಡಲಿಗೆ ಹೋಗಿಬರುತ್ತದೆ. ಅಷ್ಟು ದೂರ ಏಕೆಂದರೆ ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪದ ದೋಣಿ ಹತ್ತಿ. ಸಣ್ಣ ದೋಣಿಯಲ್ಲಿ ಹೊಟ್ಟೆ ತೊಳೆಸಿದವರೆಲ್ಲ ದೊಡ್ಡ ಹಡಗಿನಲ್ಲೂ ನರಳುತ್ತಾರೆ ಎಂದಲ್ಲ. ದೊಡ್ಡ ಹಡಗಿನ ಅಡಿಯಲ್ಲಿ ಎರಡೂ ಬದಿಗೆ ಮೀನಿನ ರೆಕ್ಕೆಯಂಥ ಸ್ಟೆಬಿಲೈಸರ್‌ಗಳಿರುತ್ತವೆ, ತೂಗಾಟವನ್ನು ಬಹಳಷ್ಟು ತಗ್ಗಿಸುತ್ತವೆ. ಆದರೆ ಮಲ್ಪೆಯ ದೋಣಿಯಲ್ಲಿ ಹಾಡು ಹೇಳುತ್ತಾ ಹೋಗಿಬಂದವರಿಗೆ ಹಡಗಿನಲ್ಲಿ ಭಯವಿಲ್ಲ.

‘ಮಂಗಳೂರಿನಿಂದಲೇ ಕ್ರೂಸ್ ಶುರು’ ಮತ್ತು ಲಕ್ಷದ್ವೀಪದ ಸರ್ಕಾರಿ ಹಡಗು

ಚಳಿಗಾಲ ಬಂದಂತೆ ನವಮಂಗಳೂರು ಬಂದರಿನಲ್ಲಿ ನಿಂತ ವಿದೇಶಿ ಹಡಗಿನ ವಿಡಿಯೊ ಹರಿದಾಡುತ್ತದೆ. ವಿಡಿಯೊ ನಿಜ, ಜೊತೆಗಿನ ಬರಹ ಸಾಮಾನ್ಯವಾಗಿ ತಪ್ಪು. ಅವು ದೂರದ ದೇಶಗಳ ನಡುವೆ ವಾರಗಟ್ಟಲೆ ಸಾಗುವ ಹಡಗುಗಳು. ಪ್ರಯಾಣಿಕರು ಬೆಳಗ್ಗೆ ಇಳಿದು ಕದ್ರಿ ದೇವಸ್ಥಾನ, ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಗೋಡಂಬಿ ಕಾರ್ಖಾನೆ ನೋಡಿ ಸಂಜೆ ಮತ್ತೆ ಹತ್ತುತ್ತಾರೆ. ‘ಮಂಗಳೂರಿನಿಂದ ಬುಕಿಂಗ್ ಆರಂಭ’ ಎಂದು ಯಾರಾದರೂ ಮುಂಗಡ ಕೇಳಿದರೆ, ಆ ಕಂಪನಿಯ ಸ್ವಂತ ವೆಬ್‌ಸೈಟಿನಲ್ಲಿ ಮಂಗಳೂರು ‘ಹತ್ತುವ ಬಂದರು’ ಎಂದು ಇದೆಯೇ ನೋಡಿ. ಇಲ್ಲದಿದ್ದರೆ ಮಾತು ಅಲ್ಲಿಗೆ ಮುಗಿಯಿತು.

ಲಕ್ಷದ್ವೀಪಕ್ಕೆ ಕ್ರೂಸ್ ಹಡಗಿನಲ್ಲಿ ಹೋಗುವವರು ಒಂದು ಸಂಗತಿ ತಿಳಿದಿರಬೇಕು. ದೊಡ್ಡ ಹಡಗು ದ್ವೀಪದ ದಡಕ್ಕೆ ಹೋಗುವುದಿಲ್ಲ. ಸುತ್ತ ಹವಳದ ದಿಬ್ಬ, ಒಳಗೆ ಆಳವಿಲ್ಲದ ಕೊಳ. ಹಡಗು ಹೊರಗೇ ನಿಂತು ಸಣ್ಣ ದೋಣಿಗಳಲ್ಲಿ ಜನರನ್ನು ಕರೆದೊಯ್ಯಬೇಕು. ಅಲೆ ಜೋರಿದ್ದರೆ ಇಳಿಸುವುದೇ ಇಲ್ಲ. ದ್ವೀಪವನ್ನು ರೇಲಿಂಗ್ ಹಿಡಿದು ನೋಡಿ ವಾಪಸ್. ಹವಾಮಾನದ ಕಾರಣಕ್ಕೆ ಬಂದರು ಬಿಟ್ಟುಬಿಡುವ ಹಕ್ಕು ಕಂಪನಿಗೆ ಇರುತ್ತದೆ ಎಂದು ಟಿಕೆಟ್ಟಿನ ಷರತ್ತಿನಲ್ಲೇ ಬರೆದಿರುತ್ತದೆ. ಲಕ್ಷದ್ವೀಪವನ್ನೇ ನೋಡಬೇಕು ಎಂಬ ಆಸೆ ಇದ್ದವರಿಗೆ ಆ ಕ್ರೂಸ್ ಸರಿಯಾದ ದಾರಿಯಲ್ಲ ಎಂಬುದು ನಮ್ಮ ಅಭಿಪ್ರಾಯ.

ಅದಕ್ಕೆ ಬೇರೆ ದಾರಿ ಇದೆ. ಲಕ್ಷದ್ವೀಪ ಆಡಳಿತದ ‘ಸ್ಪೋರ್ಟ್ಸ್’ ಎಂಬ ಪ್ರವಾಸೋದ್ಯಮ ಸಂಸ್ಥೆ ಕೊಚ್ಚಿಯಿಂದ ‘ಸಮುದ್ರಂ’ ಎಂಬ ಐದು ದಿನಗಳ ಪ್ಯಾಕೇಜ್ ನಡೆಸುತ್ತ ಬಂದಿದೆ. ಎಂವಿ ಕವರತ್ತಿ ಹಡಗಿನಲ್ಲಿ ರಾತ್ರಿ ನಿದ್ದೆ, ಹಗಲು ಕವರತ್ತಿ, ಕಲ್ಪೇನಿ, ಮಿನಿಕಾಯ್ ದ್ವೀಪಗಳಲ್ಲಿ ಸುತ್ತಾಟ. ಈಜುಕೊಳ, ಕ್ಯಾಸಿನೊ ಇಲ್ಲ. ಊಟ ಸರಳ. ಆದರೆ ಒಳಗಡೆ ನಿಮ್ಮ ಜೇಬಿಗೆ ಕೈ ಹಾಕುವವರೂ ಇಲ್ಲ. ಮಂಗಳೂರಿನಿಂದ ಎರ್ನಾಕುಲಂಗೆ ರೈಲು ಸುಲಭ. ಹೊರಡುವ ದಿನಾಂಕ, ದರಗಳನ್ನು ಅವರ ಕಚೇರಿಯಲ್ಲೇ ಕೇಳಿ ಖಚಿತಪಡಿಸಿಕೊಳ್ಳಿ. ಮುಂಬೈ–ಗೋವಾ ನಡುವಿನ ಯಾನಕ್ಕೆ ಪಾಸ್‌ಪೋರ್ಟ್ ಬೇಡ, ಸರ್ಕಾರಿ ಗುರುತಿನ ಚೀಟಿ ಸಾಕು. ಲಕ್ಷದ್ವೀಪದಲ್ಲಿ ಕಾಲಿಡಲು ಮಾತ್ರ ಭಾರತೀಯರಿಗೂ ಪರವಾನಗಿ ಬೇಕು. ಪ್ಯಾಕೇಜ್ ನಡೆಸುವವರೇ ಮಾಡಿಸಿಕೊಡುತ್ತಾರೋ, ನೀವೇ ಮಾಡಿಸಬೇಕೋ ಎಂದು ಹಣ ಕಟ್ಟುವ ಮೊದಲೇ ಕೇಳಿ.

ವಿದೇಶದ ಹಡಗಾದರೆ ವೀಸಾ. ಸಿಂಗಪುರದಿಂದ ಹೊರಟು ಮಲೇಷ್ಯಾ ಮುಟ್ಟಿ ಮತ್ತೆ ಸಿಂಗಪುರಕ್ಕೆ ಬರುವ ಯಾನದಲ್ಲಿ ನೀವು ಸಿಂಗಪುರವನ್ನು ಎರಡು ಸಲ ಪ್ರವೇಶಿಸುತ್ತೀರಿ. ವೀಸಾ ಅದಕ್ಕೆ ತಕ್ಕದ್ದಿರಬೇಕು. ‘ನಾವು ಮಲೇಷ್ಯಾದಲ್ಲಿ ಇಳಿಯುವುದೇ ಇಲ್ಲ’ ಎಂದರೂ ಕಂಪನಿ ಪ್ರತಿ ಬಂದರಿನ ಕಾಗದ ಕೇಳಬಹುದು. ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಹೋದ ಅಪ್ಪ ಅಮ್ಮ ಅಲ್ಲಿಂದ ಬಹಾಮಾಸ್ ಕ್ರೂಸಿಗೆ ಹೋಗುವುದು ಈಗ ಸಾಮಾನ್ಯ. ‘ಹೊರಟ ಬಂದರಿಗೇ ವಾಪಸ್ ಬಂದರೆ ಪಾಸ್‌ಪೋರ್ಟ್ ಬೇಡ’ ಎಂಬ ಸಂದೇಶ ಅಮೆರಿಕದ ಪೌರರಿಗೆ ಮಾತ್ರ ಅನ್ವಯ. ಭಾರತದ ಪಾಸ್‌ಪೋರ್ಟ್ ಇರುವವರಿಗೆ ಪಾಸ್‌ಪೋರ್ಟೂ ಬೇಕು, ಮತ್ತೆ ಒಳಗೆ ಬರಲು ಚಾಲ್ತಿಯಲ್ಲಿರುವ ವೀಸಾವೂ ಬೇಕು. ಎಚ್-1ಬಿಯಲ್ಲಿದ್ದು ವೀಸಾ ಸ್ಟಾಂಪಿನ ಅವಧಿ ಮುಗಿದವರು ಹಡಗು ಹತ್ತುವ ಮೊದಲು ವಲಸೆ ವಕೀಲರನ್ನು ಕೇಳಲೇಬೇಕು. ಮೂರು ದಿನದ ಮೋಜು ಕೆಲಸವನ್ನೇ ಕಂಟಕಕ್ಕೆ ತಳ್ಳಬಾರದು.

‘ವೃದ್ಧಾಶ್ರಮಕ್ಕಿಂತ ಕ್ರೂಸ್ ಅಗ್ಗ’

ಈ ಫಾರ್ವರ್ಡ್‌ಗೆ ಇಪ್ಪತ್ತು ವರ್ಷ ದಾಟಿದೆ, ಇನ್ನೂ ಗಟ್ಟಿಮುಟ್ಟಾಗಿದೆ. ಇದರ ಹಿಂದೆ ಒಂದು ನಿಜವಾದ ಲೇಖನವೂ ಇದೆ. 2004ರಲ್ಲಿ ಅಮೆರಿಕದ ವೃದ್ಧ ವೈದ್ಯಶಾಸ್ತ್ರದ ಪತ್ರಿಕೆಯೊಂದರಲ್ಲಿ ಲೀ ಲಿಂಡ್‌ಕ್ವಿಸ್ಟ್ ಮತ್ತು ರಾಬರ್ಟ್ ಗೊಲಬ್ ಎಂಬ ವೈದ್ಯರು, ಆರೈಕೆ ಕೇಂದ್ರದಲ್ಲಿರುವ ಬದಲು ಹಡಗಿನಲ್ಲೇ ಬದುಕಿದರೆ ಎಷ್ಟಾಗುತ್ತದೆ ಎಂದು ಲೆಕ್ಕ ಹಾಕಿದ್ದರು. 20 ವರ್ಷಗಳಿಗೆ ಹಡಗಿನಲ್ಲಿ ಸುಮಾರು 2.30 ಲಕ್ಷ ಡಾಲರ್, ಆರೈಕೆ ಕೇಂದ್ರದಲ್ಲಿ 2.28 ಲಕ್ಷ. ಅಂದರೆ ಲೇಖನ ಹೇಳಿದ್ದು ‘ಅಗ್ಗ’ ಎಂದಲ್ಲ, ‘ಹೆಚ್ಚುಕಡಿಮೆ ಸಮ’ ಎಂದು. ಹೋಲಿಕೆ ಅಮೆರಿಕದ ದುಬಾರಿ ಆರೈಕೆ ಕೇಂದ್ರಗಳ ಜೊತೆಗೆ. ತೀವ್ರ ಕಾಯಿಲೆ ಇರುವವರಿಗೆ, ಮರೆವಿನ ರೋಗಿಗಳಿಗೆ ಹಡಗು ತಕ್ಕ ಜಾಗವೂ ಅಲ್ಲ. ಹಡಗಿನ ವೈದ್ಯರು ಉಚಿತವೂ ಅಲ್ಲ, ಅಲ್ಲಿನ ಬಿಲ್ ದಡದ ಖಾಸಗಿ ಆಸ್ಪತ್ರೆಯನ್ನೂ ಮೀರಿಸಬಹುದು. ಹೆಲಿಕಾಪ್ಟರಿನಲ್ಲಿ ಇಳಿಸಬೇಕಾಗಿ ಬಂದರಂತೂ ಲಕ್ಷಗಳ ಮಾತು. ಹಿರಿಯರನ್ನು ಕರೆದೊಯ್ಯುವುದಾದರೆ ಪ್ರಯಾಣ ವಿಮೆಯಲ್ಲಿ ಉಳಿತಾಯ ಮಾಡಬೇಡಿ. ಮೊದಲೇ ಇರುವ ಬಿಪಿ, ಸಕ್ಕರೆ ಕಾಯಿಲೆಗೆ ಅದು ಅನ್ವಯವಾಗುತ್ತದೆಯೇ ಓದಿ. ಗರ್ಭಿಣಿಯರನ್ನು ಸಾಮಾನ್ಯವಾಗಿ 24 ವಾರದ ನಂತರ ಹತ್ತಿಸಿಕೊಳ್ಳುವುದಿಲ್ಲ.

ಉಚಿತ ಕ್ರೂಸ್ ಎಂಬ ಬಲೆ

‘ನಾಲ್ಕು ಪ್ರಶ್ನೆಗೆ ಉತ್ತರಿಸಿ, 15 ಜನರಿಗೆ ಕಳಿಸಿ, ಕ್ರೂಸ್ ಗೆಲ್ಲಿ’ ಎಂಬ ಲಿಂಕಿನಲ್ಲಿ ಬಹುಮಾನ ಇರುವುದಿಲ್ಲ. ಅವರಿಗೆ ಬೇಕಿರುವುದು ನಿಮ್ಮ ಹೆಸರು, ನಂಬರ್, ನಿಮ್ಮ ಮೇಲೆ ನಂಬಿಕೆ ಇಟ್ಟು ಲಿಂಕ್ ಒತ್ತುವ ಆ 15 ಜನ. ಕೆಲವದರಲ್ಲಿ ಎಪಿಕೆ ಫೈಲ್ ಇಳಿಸಿಕೊಳ್ಳಲು ಹೇಳುತ್ತಾರೆ. ಅದನ್ನು ಹಾಕಿಕೊಂಡರೆ ನಿಮ್ಮ ಒಟಿಪಿಗಳು ಅವರ ಕೈಗೆ ಹೋಗಬಹುದು.

ಇನ್ನೊಂದು ಬಗೆ ಮಾಲ್‌ನಲ್ಲಿ, ಪೆಟ್ರೋಲ್ ಬಂಕಿನಲ್ಲಿ ಶುರುವಾಗುತ್ತದೆ. ಕೂಪನ್ ತುಂಬಿಸಿಕೊಳ್ಳುತ್ತಾರೆ. ವಾರ ಬಿಟ್ಟು ಕರೆ: ‘ಸರ್, ನಿಮಗೆ ಉಚಿತ ಕ್ರೂಸ್ ಬಂದಿದೆ, ಮೇಡಂ ಜೊತೆಗೇ ಬನ್ನಿ’. ಗಂಡ ಹೆಂಡತಿ ಇಬ್ಬರೂ ಬರಬೇಕು ಎಂಬ ಷರತ್ತು ಏಕೆಂದರೆ ‘ಮನೆಯಲ್ಲಿ ಕೇಳಿ ಹೇಳುತ್ತೇನೆ’ ಎಂದು ತಪ್ಪಿಸಿಕೊಳ್ಳಲು ದಾರಿ ಇರಬಾರದು ಎಂದು. ಎರಡು ಗಂಟೆ ಮಾತಾಡಿಸಿ ಲಕ್ಷಕ್ಕೆ ಹತ್ತಿರದ ಸದಸ್ಯತ್ವ ಮಾರುತ್ತಾರೆ. ಉಚಿತ ಕ್ರೂಸ್ ಚೀಟಿಗೆ ತೆರಿಗೆ, ಶುಲ್ಕ, ‘ದಿನಾಂಕ ಲಭ್ಯವಿದ್ದರೆ’ ಎಂಬ ಬಾಲಗಳಿರುತ್ತವೆ.

ಇದು ನಮ್ಮೂರಿನ ಆವಿಷ್ಕಾರವೇನೂ ಅಲ್ಲ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಮತ್ತು ಹತ್ತು ರಾಜ್ಯಗಳು 2015ರಲ್ಲಿ ‘ಕೆರಿಬಿಯನ್ ಕ್ರೂಸ್ ಲೈನ್’ ಎಂಬ ಮಾರಾಟ ಕಂಪನಿಯ ಮೇಲೆ ಕ್ರಮ ಕೈಗೊಂಡವು. (ಹೆಸರಿನಲ್ಲಿ ಹೋಲಿಕೆ ಇದ್ದರೂ ರಾಯಲ್ ಕೆರಿಬಿಯನ್ ಬೇರೆ.) ‘ರಾಜಕೀಯ ಸಮೀಕ್ಷೆ’ ಎಂದು ಯಂತ್ರದ ಧ್ವನಿಯಲ್ಲಿ ದಿನಕ್ಕೆ ಕೋಟಿಗೂ ಹೆಚ್ಚು ಕರೆ ಹೋಗುತ್ತಿದ್ದವು. ಉತ್ತರಿಸಿದವರಿಗೆ ಬಹಾಮಾಸ್‌ಗೆ ‘ಉಚಿತ’ ಕ್ರೂಸ್. ಆಮೇಲೆ ಬಂದರು ತೆರಿಗೆ ಎಂದು ತಲಾ 59 ಡಾಲರ್, ಅದರ ಬೆನ್ನಿಗೆ ಬೇರೆ ಬೇರೆ ಸೌಲಭ್ಯಗಳ ಮಾರಾಟ.

ನಿಜವಾದ ಬುಕಿಂಗನ್ನು ಪರೀಕ್ಷಿಸುವುದು ಕಷ್ಟವಲ್ಲ. ಹಡಗಿನ ಹೆಸರು ಮತ್ತು ಹೊರಡುವ ದಿನಾಂಕ ಕೇಳಿ. ಫಾರ್ವರ್ಡ್‌ನ ಲಿಂಕ್ ಒತ್ತದೆ ಕಂಪನಿಯ ವಿಳಾಸವನ್ನು ನೀವೇ ಟೈಪ್ ಮಾಡಿ ಆ ಯಾನ ಅಲ್ಲಿದೆಯೇ ನೋಡಿ. ಏಜೆಂಟ್ ಮೂಲಕ ಮಾಡುವುದರಲ್ಲಿ ತಪ್ಪಿಲ್ಲ, ಎಷ್ಟೋ ಸಲ ಅವರೇ ಒಳ್ಳೆಯ ದರ ಕೊಡಿಸುತ್ತಾರೆ. ಆದರೆ ಹಣ ಸಂಸ್ಥೆಯ ಖಾತೆಗೆ ಹೋಗಬೇಕು, ಯಾರದೋ ಹೆಸರಿನ ಯುಪಿಐ ನಂಬರಿಗಲ್ಲ. ಕಟ್ಟಿದ ಮೇಲೆ ಕ್ರೂಸ್ ಕಂಪನಿಯ ಬುಕಿಂಗ್ ಸಂಖ್ಯೆ ಕೇಳಿ ಪಡೆದು, ಕಂಪನಿಗೇ ಫೋನ್ ಮಾಡಿ ಅದು ನಿಮ್ಮ ಹೆಸರಿನಲ್ಲಿದೆಯೇ ವಿಚಾರಿಸಿ. ‘ರೀಫಂಡ್ ಕಳಿಸುತ್ತೇವೆ, ಪಿನ್ ಒತ್ತಿ’ ಎಂದರೆ ಫೋನ್ ಇಟ್ಟುಬಿಡಿ. ಹಣ ಪಡೆಯಲು ಯುಪಿಐ ಪಿನ್ ಬೇಕಾಗುವುದೇ ಇಲ್ಲ. ಹಣ ಹೋಗಿಬಿಟ್ಟಿದ್ದರೆ ಆ ಗಳಿಗೆಯಲ್ಲೇ 1930ಕ್ಕೆ ಕರೆ ಮಾಡಿ. ಬೇಗ ದೂರು ಕೊಟ್ಟಷ್ಟೂ ಹಣ ಖಾತೆಯಿಂದ ಖಾತೆಗೆ ಹಾರುವ ಮೊದಲು ತಡೆಯುವ ಸಾಧ್ಯತೆ ಹೆಚ್ಚು. ಕಂಪನಿ ನಿಜವಾದದ್ದೇ, ಆದರೆ ಹೇಳಿದ್ದು ಕೊಡಲಿಲ್ಲ ಎಂಬ ತಕರಾರಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915.

ಹತ್ತಿದ ಮೇಲೆ

ಹಡಗಿನಲ್ಲಿ ನಗದು ನಡೆಯುವುದಿಲ್ಲ. ಕೋಣೆಯ ಬೀಗದ ಕಾರ್ಡೇ ದುಡ್ಡು. ಎಲ್ಲವೂ ಅದರ ಮೇಲೆ ಬರೆದುಕೊಳ್ಳುತ್ತಾ ಹೋಗುತ್ತದೆ. ಮಕ್ಕಳ ಕಾರ್ಡಿನಲ್ಲಿ ಖರ್ಚನ್ನು ಬಂದ್ ಮಾಡಿಸಿ, ಇಲ್ಲವೇ ಮಿತಿ ಹಾಕಿಸಿ. ಮೊದಲ ದಿನ ಭದ್ರತೆಗೆಂದು ನಿಮ್ಮ ಕಾರ್ಡಿನಲ್ಲಿ ಒಂದಿಷ್ಟು ಮೊತ್ತ ತಡೆಹಿಡಿಯಬಹುದು. ಡೆಬಿಟ್ ಕಾರ್ಡ್ ಕೊಟ್ಟರೆ ಆ ಹಣ ಬಿಡುಗಡೆಯಾಗುವವರೆಗೆ ನಿಮ್ಮ ಖಾತೆಯ ದುಡ್ಡೇ ಸಿಕ್ಕಿಕೊಂಡಿರುತ್ತದೆ, ಕ್ರೆಡಿಟ್ ಕಾರ್ಡ್ ಮೇಲು. ಬಿಲ್ಲನ್ನು ಕೊನೆಯ ಬೆಳಗ್ಗೆ ಸಾಲಿನಲ್ಲಿ ನಿಂತು ನೋಡುವ ಬದಲು ಪ್ರತಿ ರಾತ್ರಿ ನೋಡಿ. ತಪ್ಪು ಇದ್ದರೆ ಅವತ್ತೇ ಹೇಳಬಹುದು.

ಕೊನೆಯದಾಗಿ ನಿಮ್ಮ ಕೈಯಲ್ಲಿರುವ ಮೊಬೈಲ್. ದಡದಿಂದ ದೂರ ಹೋದ ಮೇಲೂ ಕೆಲವು ಹಡಗುಗಳಲ್ಲಿ ಸಿಗ್ನಲ್ ಕಡ್ಡಿಗಳು ಕಾಣಿಸುತ್ತವೆ. ಅದು ನಿಮ್ಮ ಜಿಯೋ, ಏರ್‌ಟೆಲ್ ಗೋಪುರವಲ್ಲ. ಹಡಗಿನೊಳಗೇ ಇರುವ, ಉಪಗ್ರಹದ ಮೂಲಕ ಕೆಲಸ ಮಾಡುವ ಪುಟ್ಟ ಗೋಪುರ. ಸಿಮ್ ತಾನಾಗಿ ಅದಕ್ಕೆ ಅಂಟಿಕೊಳ್ಳುತ್ತದೆ. ಮಾಮೂಲಿ ರೋಮಿಂಗ್ ಪ್ಯಾಕ್ ಅದಕ್ಕೆ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ. ಹಿನ್ನೆಲೆಯಲ್ಲಿ ಫೋಟೊ ಬ್ಯಾಕಪ್ ಆಗುತ್ತಿದ್ದರೂ ಸಾಕು, ರೋಮಿಂಗ್ ಚಾಲೂ ಇರುವ ಪೋಸ್ಟ್‌ಪೇಯ್ಡ್ ನಂಬರಿಗೆ ಟಿಕೆಟ್ಟಿನಷ್ಟೇ ಬಿಲ್ ಬಂದೀತು. ಹಡಗು ಹಗ್ಗ ಬಿಚ್ಚುವ ಮೊದಲು ಏರೋಪ್ಲೇನ್ ಮೋಡ್ ಹಾಕಿ, ಬೇಕಿದ್ದರೆ ಹಡಗಿನ ವೈಫೈ ಮಾತ್ರ ಆನ್ ಮಾಡಿಕೊಳ್ಳಿ. ಫ್ಯಾಮಿಲಿ ಗ್ರೂಪಿಗೆ ಸೂರ್ಯಾಸ್ತದ ಫೋಟೊಗಳನ್ನು ಗೋವಾದಲ್ಲಿ ಇಳಿದ ಮೇಲೆ ಕಳಿಸಬಹುದು.